ಶಹಾಬಾದಿನ ತಂಗಿಗೆ, ಶಿಕಾಗೊದಿಂದ

ತಂಗಿ,

ನಿನ್ನ ಪತ್ರ ಬಂದು ವಾರವಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಇತ್ತು, ಅದಕ್ಕೇ ತಡ. ನೀನು ಕೇಳಿದ್ದು ಇನ್ನೂ ಕೆಲವು ಮಕ್ಕಳ ಮನಸ್ಸಿನಲ್ಲಿ ಇರಬಹುದು ಅನ್ನಿಸಿತು. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ಕಲಬುರಗಿಯಲ್ಲಿ ಚಿತ್ರಕಲೆ ಓದಿದ್ದೀಯ. ಆಗಸ್ಟಿನಲ್ಲಿ ಮುಂದಿನ ಓದಿಗೆ ಶಿಕಾಗೊಗೆ ಬರುತ್ತಿದ್ದೀಯ. ನಾಲ್ಕು ವರ್ಷದಿಂದ ನೀನು ಬರೆದದ್ದೆಲ್ಲ ಶಹಾಬಾದಿನ ನೆಲಹಾಸಿನ ಫರಸಿ ಕಲ್ಲು, ಖಣಿ, ಅಲ್ಲಿ ದುಡಿಯುವ ನಿನ್ನ ಓಣಿಯ ಜನ. "ಅಕ್ಕಾ, ಅಲ್ಲಿ ಇದು ಯಾರಿಗೆ ತಿಳೀತದ? ಗುಡಿ, ಆನೆ, ಕಮಲದ ಹೂವು ಬರೆದರೆ ನಡೀತದ ಅಂತ ಇಲ್ಲೊಬ್ಬರು ಹೇಳಿದರು. ನಾನು ಬದಲಾಗಬೇಕಾ?" ಅಂತ ಕೇಳಿದ್ದೀಯ. ಜೊತೆಗೆ ಚಳಿ ಹೇಗೆ, ಖರ್ಚು ಹೇಗೆ, ಒಬ್ಬಳೇ ಇರಲು ಆಗುತ್ತದಾ ಅಂತಲೂ ಕೇಳಿದ್ದೀಯ.

ಚಳಿ, ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲವಲ್ಲ, ಇಲ್ಲಿ ಜನವರಿಯಲ್ಲಿ ಹಾಗೆ. 2019ರ ಜನವರಿ ಕೊನೆಗೆ ಮೈನಸ್ 30 ಡಿಗ್ರಿಗೆ ಇಳಿದಿತ್ತು. ಪ್ರತಿ ವರ್ಷ ಅಷ್ಟಾಗುವುದಿಲ್ಲ. ಕೋಟು, ಬೂಟು ಅಲ್ಲಿ ಕೊಳ್ಳಬೇಡ. ಅವು ಈ ಚಳಿಗೆ ಸಾಲುವುದಿಲ್ಲ. ಇಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯವೇ ಸಿಗುತ್ತವೆ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಕಾಲೇಜು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಹೊರಗೆ ಯಾರಾದರೂ ನಗದು ಕೊಡುತ್ತೇವೆ ಬಾ ಅಂದರೆ ಹೋಗಬೇಡ, ವೀಸಾಕ್ಕೇ ಕುತ್ತು. ಜೋಳದ ಹಿಟ್ಟು ಡೆವಾನ್ ಅವೆನ್ಯೂದ ಅಂಗಡಿಗಳಲ್ಲಿ ಸಿಗುತ್ತದೆ. ಹಿಟ್ಟು ಹಳೆಯದಾಗಿದ್ದರೆ ರೊಟ್ಟಿ ಹರಿಯುತ್ತದೆ. ಎಸರು ಚೆನ್ನಾಗಿ ಕುದಿಸಿ ಹಾಕಿ ನಾದಿಕೋ.

ಈಗ ನಿನ್ನ ದೊಡ್ಡ ಪ್ರಶ್ನೆ. ಬದಲಾಗಬೇಡ. ಆದರೆ ಯಾಕೆ ಅಂತ ಹೇಳಲು ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

ನಾನು ಇಲ್ಲಿಗೆ ಬಂದದ್ದು 2004ರಲ್ಲಿ. ಎಲ್ಲಿಯವರು ಅಂತ ಅಮೆರಿಕದವರು ಕೇಳಿದರೆ "ಹೈದರಾಬಾದಿನ ಹತ್ತಿರ" ಅನ್ನುತ್ತಿದ್ದೆ. ಕನ್ನಡದವರು ಕೇಳಿದರೂ ಒಮ್ಮೊಮ್ಮೆ "ಬೆಂಗಳೂರು" ಅಂದುಬಿಡುತ್ತಿದ್ದೆ. ಬಂದ ಹೊಸದರಲ್ಲಿ ಒಂದು ಸಮಾರಂಭದಲ್ಲಿ "ಬರ್ಲಾಕತ್ತೀನ್ರಿ" ಅಂದದ್ದಕ್ಕೆ ಪಕ್ಕದಲ್ಲಿದ್ದವರು ನಕ್ಕಿದ್ದರು. ಅವತ್ತಿನಿಂದ ಮಾತು ತಿದ್ದಿಕೊಂಡೆ. ಮನೆಗೆ ಫೋನು ಮಾಡಿದಾಗ ಮಾತ್ರ ನನ್ನ ಮಾತು ಬಾಯಿಗೆ ಬರುತ್ತಿತ್ತು. ಆರು ವರ್ಷ ಹಾಗೇ ನಡೆಯಿತು. ಈಗ ನೆನೆದರೆ ಸಂಕಟವಾಗುತ್ತದೆ.

2010ರಲ್ಲಿ ಇಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನುವ ಕಲಾ ಮ್ಯೂಸಿಯಂಗೆ ಮೊದಲ ಸಲ ಹೋದೆ. 1893ರಲ್ಲಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಕಟ್ಟಡದಲ್ಲಿ. ಅಲ್ಲಿನ ದೊಡ್ಡ ಮೆಟ್ಟಿಲ ಸಾಲಿನ ಮೇಲೆ ಮುಂಬೈಯ ಕಲಾವಿದ ಜಿತೀಶ್ ಕಲ್ಲಾಟ್ ಆ ಭಾಷಣದ ಸಾಲುಗಳನ್ನು ದೀಪದ ಅಕ್ಷರಗಳಲ್ಲಿ ಕೂಡಿಸಿದ್ದರು. ಸೆಪ್ಟೆಂಬರ್ 11ರ ಭಾಷಣ ಅದು, 2001ರಲ್ಲಿ ಅಮೆರಿಕದ ಮೇಲೆ ದಾಳಿ ಆದದ್ದೂ ಅದೇ ತಾರೀಖಿಗೆ. ಬಣ್ಣಗಳು ಮಾತ್ರ ಅಮೆರಿಕ ಸರ್ಕಾರ ಭಯೋತ್ಪಾದನೆಯ ಎಚ್ಚರಿಕೆಗೆ ಇಟ್ಟುಕೊಂಡಿದ್ದ ಐದು ಬಣ್ಣಗಳು. ಒಂದೊಂದೇ ಮೆಟ್ಟಿಲು ಏರುತ್ತಾ ಓದಿದೆ. ಆಗ ನನಗೆ ನೆನಪಾದದ್ದು ನಮ್ಮ ಎಸ್.ಎಂ. ಪಂಡಿತರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರಿನಿಂದ ದೇವರ ಕ್ಯಾಲೆಂಡರಿನವರೆಗೆ ಚಿತ್ರ ಬರೆದವರು. ಕನ್ಯಾಕುಮಾರಿಯಲ್ಲಿ ಅವರು ಬರೆದ ವಿವೇಕಾನಂದರ ಚಿತ್ರವಿದೆ. ಅವರ ದೇವಿಯ ಚಿತ್ರವಿದ್ದ ಕ್ಯಾಲೆಂಡರಿನ ಹಾಳೆಯನ್ನು ನಮ್ಮವ್ವ ಕಟ್ಟು ಹಾಕಿಸಿ ಜಗಲಿಯ ಮೇಲೆ ಇಟ್ಟಿದ್ದಳು. ನೀನು ನಾಟಕ ನೋಡಲು ಹೋಗಿರುತ್ತೀಯಲ್ಲ, ಆ ಪಂಡಿತ ರಂಗಮಂದಿರದ ಹೆಸರು ಅವರದೇ. ಇಂಥ ಊರಿನವಳು ನಾನು, ಊರಿನ ಹೆಸರು ಹೇಳಲು ಯಾಕೆ ಹಿಂಜರಿಯುತ್ತಿದ್ದೇನೆ ಅಂತ ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಮರುದಿನ ಕೆಲಸದಲ್ಲಿ ಯಾರೋ ಕೇಳಿದಾಗ "ಕಲಬುರಗಿ" ಅಂದೆ. ಅವರು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಹೇಳಿದೆ.

ನಾನು ಕಲಾವಿದೆಯಲ್ಲ. ಆದರೆ ಅವತ್ತಿನಿಂದ ರಜೆ ಸಿಕ್ಕಾಗಲೆಲ್ಲ ಹೋಗಿ ನೋಡುತ್ತಾ ಬಂದಿದ್ದೇನೆ. ಚಳಿಗಾಲದಲ್ಲಿ ಇಲಿನಾಯ್ ನಿವಾಸಿಗಳಿಗೆ ಅಲ್ಲಿ ಉಚಿತ ಪ್ರವೇಶದ ದಿನಗಳಿರುತ್ತವೆ, ಗೊತ್ತಿರಲಿ.

2013ರಲ್ಲಿ ಅಲ್ಲೇ ಜರೀನಾ ಹಾಶ್ಮಿಯವರ ಪ್ರದರ್ಶನ ಬಂತು. 1937ರಲ್ಲಿ ಅಲೀಗಢದಲ್ಲಿ ಹುಟ್ಟಿದವರು. ಮನೆಯವರು ಪಾಕಿಸ್ತಾನಕ್ಕೆ ಹೋದರು. ಇವರು ಊರೂರು ತಿರುಗಿ ನ್ಯೂಯಾರ್ಕಿನಲ್ಲಿ ನೆಲೆ ನಿಂತರು. 1999ರಲ್ಲಿ 36 ಮರದಚ್ಚಿನ ಚಿತ್ರಗಳ ಒಂದು ಸರಣಿ ಮಾಡಿದರು. ಮನೆ ಅನ್ನುವುದೇ ಪರದೇಶ ಅನ್ನುವ ಅರ್ಥದ ಹೆಸರು ಅದಕ್ಕೆ. ಒಂದೊಂದು ಹಾಳೆಯ ಮೇಲೆ ಕಪ್ಪು ಗೆರೆಗಳ ಒಂದು ಆಕಾರ, ಜೊತೆಗೆ ಒಂದು ಉರ್ದು ಪದ. ಹೊಸ್ತಿಲು, ಬಾಗಿಲು, ಅಂಗಳ. ಇಷ್ಟೇ. ಕಲಬುರಗಿಯ ಬಜಾರದಲ್ಲಿ ಉರ್ದು ಬೋರ್ಡು ನೋಡುತ್ತಾ ಬೆಳೆದವಳು ನಾನು. ಓದಲು ಬರುವುದಿಲ್ಲ, ಆದರೆ ಆ ಅಕ್ಷರದ ಬಾಗು ನೋಡಿದರೆ ನಮ್ಮ ಊರಿನದು ಅನ್ನಿಸುತ್ತದೆ. ಪಕ್ಕದಲ್ಲಿ ಪೋಲೆಂಡಿನಿಂದ ಬಂದ ಒಬ್ಬ ಅಜ್ಜಿ ನಿಂತಿದ್ದರು. ಅಂಗಳದ ಹಾಳೆಯ ಮುಂದೆ ತುಂಬಾ ಹೊತ್ತು ನಿಂತು, ಚಿಕ್ಕಂದಿನ ಮನೆಯ ಬಾವಿ ಎಲ್ಲಿತ್ತು ಅಂತ ನನಗೆ ಬೆರಳಿನಿಂದ ಗಾಳಿಯಲ್ಲಿ ತೋರಿಸಿದರು.

ನಿನ್ನ ಪ್ರಶ್ನೆಗೆ ಆ ಅಜ್ಜಿಯ ಬೆರಳೇ ಉತ್ತರ ಅಂದುಕೊಂಡಿದ್ದೇನೆ. ಜರೀನಾ ಯಾರಿಗೂ ಅಲೀಗಢ ಎಲ್ಲಿದೆ ಅಂತ ವಿವರಿಸಲಿಲ್ಲ. ತಾಜಮಹಲು ಬರೆಯಲಿಲ್ಲ. ತನ್ನ ಮನೆಯ ಗೋಡೆ ಎಲ್ಲಿ ತಿರುಗುತ್ತದೆ ಅನ್ನುವುದನ್ನು ತಪ್ಪಿಲ್ಲದೆ ಬರೆದರು. ನೋಡಿದವರು ತಮ್ಮ ಮನೆಗೆ ಹೋಗಿ ಬಂದರು.

ನೀನು ಕಳಿಸಿದ ಆರು ಚಿತ್ರ ನೋಡಿದೆ. ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಹೇಳುತ್ತೇನೆ. ತಲೆಯ ಮೇಲೆ ಕಲ್ಲು ಹೊತ್ತ ಹೆಂಗಸು, ಹಿಂದೆ ಕೆಂಪು ಸೂರ್ಯ, ಕೆಳಗೆ "ಶ್ರಮ" ಅಂತ ಹೆಸರು. ಆ ಚಿತ್ರ ಯಾವ ಊರಿನದಾದರೂ ಆಗಬಹುದು. ಆನೆ, ಕಮಲದ ಪಕ್ಕ ಇಟ್ಟರೂ ನಡೆಯುತ್ತದೆ. ಇನ್ನೊಂದಿದೆಯಲ್ಲ, ನಿಮ್ಮ ಪಕ್ಕದ ಮನೆಯ ಕಾಕಾ ಉಳಿ ಹಿಡಿದು ಕಲ್ಲಿನ ಪದರು ಬಿಡಿಸುತ್ತಿರುವುದು, ಉಗುರಿನ ಸಂದಿಯಲ್ಲಿ ಬೂದು ಪುಡಿ, ಹೆಬ್ಬೆರಳು ಒಂಚೂರು ಸೊಟ್ಟ. ಅದನ್ನು ನಾನು ದೊಡ್ಡದು ಮಾಡಿ ಮಾಡಿ ನೋಡಿದೆ. ಫರಸಿ ಹಪ್ಪಳದ ಹಾಗೆ ಪದರು ಪದರಾಗಿ ಏಳುತ್ತದೆ ಅನ್ನುವುದು ಗೊತ್ತಿಲ್ಲದವರಿಗೂ ಆ ಕೈ ನೋಡಿದರೆ ಗೊತ್ತಾಗುತ್ತದೆ. ಅದನ್ನು ಮುಂದುವರಿಸು.

ಇನ್ನು ಶಿಕಾಗೊದಲ್ಲಿ ಯಾರನ್ನು ನೋಡಬೇಕು ಅಂತ ಕೇಳಿದ್ದೀಯ. ನನ್ನನ್ನು ಕೇಳಿದರೆ ಮೊದಲು ಥಿಯಾಸ್ಟರ್ ಗೇಟ್ಸ್. 1973ರಲ್ಲಿ ಇದೇ ಊರಲ್ಲಿ ಹುಟ್ಟಿದ ಕಪ್ಪು ಜನಾಂಗದ ಕಲಾವಿದ. ಅಪ್ಪ ಚಾವಣಿಗೆ ಡಾಂಬರು ಹಾಕುವ ಕೆಲಸದವರು. ಮಗ ಅದೇ ಡಾಂಬರಿನಿಂದ ಚಿತ್ರ ಮಾಡಿದ. ಅಪ್ಪನ ಕಸುಬಿನ ಸಾಮಾನೇ ಮಗನ ಬಣ್ಣವಾಯಿತು. ನಿಮ್ಮಪ್ಪ ಪಾಲಿಶ್ ಮಷೀನಿನಲ್ಲಿ ಕೆಲಸ ಮಾಡುತ್ತಾರೆ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದಾಗ ನನಗೆ ಇವರೇ ನೆನಪಾದರು.

ದಕ್ಷಿಣ ಭಾಗದಲ್ಲಿ 1923ರ ಒಂದು ಬ್ಯಾಂಕ್ ಕಟ್ಟಡ ಪಾಳು ಬಿದ್ದಿತ್ತು. ಸೂರು ಸೋರಿ ಒಳಗೆಲ್ಲ ನೀರು. ನಗರಾಡಳಿತದಿಂದ ಗೇಟ್ಸ್ ಅದನ್ನು ಒಂದು ಡಾಲರಿಗೆ ತೆಗೆದುಕೊಂಡರು. ರಿಪೇರಿಗೆ ದುಡ್ಡು ಬೇಕಲ್ಲ? ಆ ಕಟ್ಟಡದ ಮೂತ್ರಖಾನೆಯಲ್ಲಿದ್ದ ಅಮೃತಶಿಲೆಯ ಚಪ್ಪಡಿಗಳನ್ನು ಸಣ್ಣ ಸಣ್ಣದಾಗಿ ಕೊಯ್ಸಿ, ಬ್ಯಾಂಕಿನ ಬಾಂಡಿನ ಹಾಗೆ ಅಕ್ಷರ ಕೆತ್ತಿಸಿ, ಒಂದೊಂದನ್ನು 5,000 ಡಾಲರಿಗೆ ಮಾರಿದರು. ಕಲ್ಲಿನ ಊರಿನವಳಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. 2015ರಲ್ಲಿ ಕಟ್ಟಡದ ಬಾಗಿಲು ತೆರೆಯಿತು. ಈಗ ಒಳಗೆ ಕಪ್ಪು ಜನರ ಪತ್ರಿಕೆಗಳನ್ನು ನಡೆಸುತ್ತಿದ್ದ ಪ್ರಕಾಶನದ ಪುಸ್ತಕಗಳು, ಸಂಗೀತದ ರೆಕಾರ್ಡುಗಳು ಚಾವಣಿಯವರೆಗೆ ಜೋಡಿಸಿವೆ. ನಾನು ಹೋದಾಗ ಆ ಓಣಿಯ ಮುದುಕರೊಬ್ಬರು ಕಪಾಟಿನ ಮುಂದೆ ಕೂತು ಹಳೆಯ ಪತ್ರಿಕೆ ತಿರುವುತ್ತಿದ್ದರು. ಚಿತ್ರ ಬರೆಯುವುದಕ್ಕಿಂತ ಇದು ದೊಡ್ಡ ಕೆಲಸ ಅನ್ನುತ್ತೇನೆ ನಾನು. ನೀನು ಒಪ್ಪದಿರಬಹುದು.

ಆಮೇಲೆ ಪಿಲ್ಸನ್. ಪಿಂಕ್ ಲೈನ್ ರೈಲು ಹತ್ತಿ 18ನೇ ಸ್ಟ್ರೀಟಿನಲ್ಲಿ ಇಳಿ. ಸ್ಟೇಷನ್ನಿನ ಗೋಡೆಯಿಂದಲೇ ಚಿತ್ರ ಶುರುವಾಗುತ್ತದೆ. ಮೆಕ್ಸಿಕೋದಿಂದ ಬಂದವರ ಕೇರಿ ಅದು. 1987ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆದರು, ಈಗ ಅದರ ಹೆಸರು ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಬಹುದು. ನೀನು ಬಂದ ಎರಡು ತಿಂಗಳಿಗೆ ಸತ್ತವರ ದಿನದ ಪ್ರದರ್ಶನ ಇರುತ್ತದೆ, ತಪ್ಪಿಸಬೇಡ. ತೀರಿಹೋದವರ ಫೋಟೊ, ಅವರಿಗೆ ಸೇರುತ್ತಿದ್ದ ತಿಂಡಿ, ಚೆಂಡು ಹೂವು ಇಟ್ಟು ಎಡೆ ಮಾಡಿರುತ್ತಾರೆ. ಹೌದು, ನಮ್ಮ ಚೆಂಡು ಹೂವೇ. ಮೊದಲ ಸಲ ನೋಡಿದಾಗ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಿದ್ದ ನಮ್ಮವ್ವ ಕಣ್ಣ ಮುಂದೆ ಬಂದಳು. ಅವ್ವ ತೀರಿಹೋದಾಗ ನನಗೆ ಊರಿಗೆ ಹೋಗಲು ಆಗಿರಲಿಲ್ಲ. ಅವತ್ತು ಆ ಹೂವಿನ ಮುಂದೆ ನಿಂತು ಅತ್ತೆ. ಯಾರೂ ಏನೂ ಕೇಳಲಿಲ್ಲ. ಅಲ್ಲಿ ಅಳುವುದು ಯಾರಿಗೂ ಹೊಸದಲ್ಲ.

ಪಿಲ್ಸನ್‌ನ ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಅಲ್ಲಿ ಕಾಸಾ ಅಜ್ಟ್‌ಲಾನ್ ಅಂತ ಒಂದು ಸಮುದಾಯ ಭವನವಿತ್ತು. ರೇ ಪಟ್ಲಾನ್ ಅನ್ನುವ ಕಲಾವಿದರು 1970ರ ದಶಕದಲ್ಲಿ ಅದರ ಹೊರಗೋಡೆಗೆಲ್ಲ ಚಿತ್ರ ಬರೆದಿದ್ದರು. ಕಟ್ಟಡ ಕೈ ಬದಲಾಯಿತು. 2017ರಲ್ಲಿ ಹೊಸ ಮಾಲೀಕರು ಬಾಡಿಗೆ ಮನೆ ಮಾಡಲು ಹೊರಟು ಆ ಚಿತ್ರದ ಮೇಲೆ ಬೂದು ಬಣ್ಣ ಬಳಿಸಿದರು. ಕೇರಿಯ ಜನ ಸುಮ್ನೆ ಕೂರಲಿಲ್ಲ. ಗಲಾಟೆಯಾಯಿತು. ಕೊನೆಗೆ ಪಟ್ಲಾನ್ ಅವರನ್ನೇ ಕರೆಸಿ ಹೊಸ ಚಿತ್ರ ಬರೆಸಬೇಕಾಯಿತು. ಚಿತ್ರ ಬಂತು. ಆದರೆ ಬಾಡಿಗೆ ಏರಿ ಪಿಲ್ಸನ್ ಬಿಟ್ಟು ಹೋದ ಮನೆಗಳು ವಾಪಸ್ ಬರಲಿಲ್ಲ. ಗೋಡೆ ಚೆಂದವಾದಷ್ಟೂ ಹೊರಗಿನವರು ಹೆಚ್ಚಾಗಿ ಬರುತ್ತಾರೆ, ಅವರು ಬಂದಷ್ಟೂ ಬಾಡಿಗೆ ಏರುತ್ತದೆ. ಒಂದು ಕೇರಿಯ ಚಿತ್ರ ಬರೆಯುವವರು ಆ ಕೇರಿಯವರಿಗೆ ಏನಾಗುತ್ತದೆ ಅಂತ ಕೇಳಿಕೊಳ್ಳಲೇಬೇಕು, ಅಲ್ವಾ? ನಿನ್ನ ಚಿತ್ರವೂ ಒಂದು ದಿನ ಇಲ್ಲಿ ಮಾರಾಟವಾಗುತ್ತದೆ. ಆಗ ಆ ಕಾಕಾನಿಗೆ ಏನು ಹೇಳುತ್ತೀಯ ಅಂತ ಈಗಲೇ ಯೋಚಿಸು.

ಕನಗನಹಳ್ಳಿಗೆ ಹೋಗಿದ್ದೀಯಾ? ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆ. ಅಲ್ಲಿನ ಬೌದ್ಧ ಸ್ತೂಪದ ಚಪ್ಪಡಿಗಳೂ ನಿಮ್ಮ ಫರಸಿಯ ಹಾಗೆ ಸುಣ್ಣದ ಕಲ್ಲೇ. "ರಾಯ ಅಸೋಕೋ" ಅಂತ ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಎಲ್ಲರೂ ರಾಜನ ಹೆಸರು ಹೇಳುತ್ತಾರೆ. ನನಗೆ ಇಷ್ಟವಾದದ್ದು ಬೇರೆ. ಕಲ್ಲು ದಾನ ಕೊಟ್ಟ ಸಾಮಾನ್ಯ ಜನರ ಹೆಸರೂ ಅಲ್ಲಿನ ಚಪ್ಪಡಿಗಳ ಮೇಲೆ ಇದೆ. ನೀನೂ ಹಾಗೇ ಮಾಡು. ಯಾರನ್ನು ಬರೆಯುತ್ತೀಯೋ ಅವರನ್ನು ಕೇಳು, ಚಿತ್ರ ಎಲ್ಲಿಗೆ ಹೋಗುತ್ತದೆ ಅಂತ ತಿಳಿಸು. ಅವರು ಒಪ್ಪಿದರೆ ಹೆಸರನ್ನು ಅವರ ಕೈಯಿಂದಲೇ ಚಿತ್ರದ ಮೂಲೆಯಲ್ಲಿ ಬರೆಸು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಲಿ.

ಒಂಟಿತನದ ಬಗ್ಗೆ ಸುಳ್ಳು ಹೇಳುವುದಿಲ್ಲ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಶರಣಬಸವೇಶ್ವರ ಜಾತ್ರೆಯ ದಿನ ಊರಿನಿಂದ ತೇರಿನ ವಿಡಿಯೊ ಬರುತ್ತದೆ, ನೀನು ಇಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿರುತ್ತೀಯ. ಮೊದಲ ವರ್ಷ ಬಹಳ ಕಷ್ಟ. ನನಗೆ ಆದ ತಪ್ಪು ಏನೆಂದರೆ, ಆರು ವರ್ಷ ನಾನು ಇರುವ ಕೇರಿಯನ್ನೇ ನೋಡಲಿಲ್ಲ. ಮನೆ, ಕೆಲಸ, ಫೋನಿನಲ್ಲಿ ಕಲಬುರಗಿ. ನೀನು ಹಾಗೆ ಮಾಡಬೇಡ. ಎಲ್ಲಿ ರೂಮು ಸಿಗುತ್ತದೋ ಆ ಕೇರಿಯ ಒಂದು ಬೀದಿ ಆರಿಸಿಕೊಂಡು ದಿನಾ ಅದರಲ್ಲೇ ನಡೆ. ಕ್ಷೌರದ ಅಂಗಡಿ, ಬಟ್ಟೆ ಒಗೆಯುವ ಮಷೀನಿನ ಅಂಗಡಿ, ಅಲ್ಲಿ ಕೂತವರು, ಅವರ ಕೈ. ಖಣಿಯಲ್ಲಿ ನೋಡಿದ ಹಾಗೇ ನೋಡು. ಇಲ್ಲಿಯ ವಾಟರ್ ಟವರ್ ಕೂಡ ಈ ಸೀಮೆಯ ಸುಣ್ಣದ ಕಲ್ಲಿನದು. 1871ರಲ್ಲಿ ಊರಿಗೆ ಬೆಂಕಿ ಬಿದ್ದಾಗ ಸುತ್ತಮುತ್ತ ಸುಟ್ಟರೂ ಅದು ನಿಂತಿತು. ನಿನಗೆ ಮಾತಾಡಿಸಲು ಇಲ್ಲೊಂದು ಕಲ್ಲಾದರೂ ಇದೆ ಅಂತ ತಿಳಿದುಕೋ.

ಕೊನೆಗೆ ಸಾಮಾನಿನ ಮಾತು. ಖಣಿಯ ಮಣ್ಣು, ಪುಡಿ ತರಬೇಕು ಅಂತ ಬರೆದಿದ್ದೀಯ. ತರಬೇಡ. ಅನುಮತಿ ಪತ್ರ ಇಲ್ಲದೆ ಮಣ್ಣು ಒಳಗೆ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಅದರ ಬದಲು ಒಂದು ಉಪಾಯ ಹೇಳುತ್ತೇನೆ. ದೋ ಹೋ ಸೂ ಅಂತ ಕೊರಿಯಾದ ಒಬ್ಬ ಕಲಾವಿದರಿದ್ದಾರೆ. ನ್ಯೂಯಾರ್ಕಿನಲ್ಲಿ ತಾವು ವರ್ಷಗಟ್ಟಲೆ ಇದ್ದ ಬಾಡಿಗೆ ಮನೆ ಬಿಡುವಾಗ ಗೋಡೆ, ಸ್ವಿಚ್ಚು, ಬಾಗಿಲಿನ ಹಿಡಿಕೆ ಎಲ್ಲದರ ಮೇಲೂ ಕಾಗದ ಹಚ್ಚಿ, ಬಣ್ಣದ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ನೀನೂ ತೆಳು ಕಾಗದದ ಒಂದು ಸುರುಳಿ ಕೊಂಡು ತಾ. ಮನೆಯ ಫರಸಿ ನೆಲ ಚೆನ್ನಾಗಿ ಒರೆಸಿ, ಕಾಗದ ಹಾಸಿ, ಇದ್ದಿಲಿನಿಂದ ಉಜ್ಜು. ಹೊಸ್ತಿಲಿನದು ಒಂದು. ಒಳಕಲ್ಲಿನ ಸುತ್ತಲಿನದು ಒಂದು. ನಿಮ್ಮಪ್ಪ ದಿನಾ ಚಪ್ಪಲಿ ಬಿಡುವ ಜಾಗ ಸವೆದಿರುತ್ತದೆ, ಅದನ್ನು ಮರೆಯಬೇಡ. ಉಜ್ಜಿದ ಹಾಳೆಗಳಿಗೆ ಇದ್ದಿಲು ಅಳಿಸದಂತೆ ಫಿಕ್ಸೇಟಿವ್ ಹೊಡೆದು, ನಡುವೆ ಬಟರ್ ಪೇಪರ್ ಇಟ್ಟು ಸುತ್ತಿ, ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಂಡು ಬಾ.

ಟಿಕೆಟ್ ಆದ ಮೇಲೆ ತಾರೀಖು ತಿಳಿಸು. ಓಹೇರ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಮೊದಲ ವಾರ ನಮ್ಮ ಮನೆಯಲ್ಲೇ ಇರು, ನೆಲದ ಮೇಲೆ ಆ ಹಾಳೆಗಳನ್ನು ಹಾಸಲು ಜಾಗ ಮಾಡಿರುತ್ತೇನೆ.