ಫೋನ್ ಬರಲಿಲ್ಲ ಅಂದ್ರೆ ನಂಗೇನೂ ಇಲ್ಲ ತಾನೆ?

ರಕ್ತನಿಧಿಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಮುಂದೆ ಈ ಪ್ರಕರಣ ಬೇರೆ ಬೇರೆ ಮುಖ ಹೊತ್ತು ಬರುತ್ತಲೇ ಇರುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಯುವಕ, ಕೆಲಸದಲ್ಲಿದ್ದಾನೆ, ಮದುವೆ ಗೊತ್ತಾಗಿದೆ. ಶಿಬಿರದಲ್ಲಿ ರಕ್ತ ಕೊಟ್ಟು ವಾರ ಕಳೆದ ಮೇಲೆ ಸರ್ಟಿಫಿಕೇಟ್ ಕೇಳಿಕೊಂಡು ಬಂದ. ಕೈಗೆ ಕೊಟ್ಟರೂ ಏಳಲಿಲ್ಲ.

"ಮೇಡಂ, ಟೆಸ್ಟಲ್ಲಿ ಏನಾದ್ರೂ ಬಂದ್ರೆ ಫೋನ್ ಮಾಡ್ತೀವಿ ಅಂದಿದ್ರಿ. ಬರ್ಲಿಲ್ಲ. ಅಂದ್ರೆ ನಂಗೇನೂ ಇಲ್ಲ ತಾನೆ?"

ಅಸುರಕ್ಷಿತ ಲೈಂಗಿಕ ಸಂಪರ್ಕದ ಅಳುಕು ಎಂದು ಗೊತ್ತಾಯಿತು. ಯಾರ ಜೊತೆ ಎಂದು ನಾನು ಕೇಳಲಿಲ್ಲ. "ಯಾವಾಗ?" ಎಂದಷ್ಟೇ ಕೇಳಿದೆ. ಸರ್ಟಿಫಿಕೇಟಿನ ಮೂಲೆ ಮಡಚುತ್ತಾ ಬಿಡಿಸುತ್ತಾ ಲೆಕ್ಕ ಹಾಕಿದ. ಶಿಬಿರಕ್ಕೆ ಎಂಟು ದಿನ ಮುಂಚೆ.

"ಬಿತ್ತಿದ ಮರುದಿನ ಹೊಲಕ್ಕೆ ಹೋದರೆ ಮೊಳಕೆ ಕಾಣುತ್ತಾ?" ಎಂದೆ. ಎಚ್‌ಐವಿ ಬಂದಿದ್ದರೂ ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಎಲಿಸಾ ಪರೀಕ್ಷೆಗೆ ಸಿಗಲು ಎರಡು ಮೂರು ವಾರವಾದರೂ ಬೇಕಾಗಬಹುದು. ಇದೇ ವಿಂಡೋ ಪೀರಿಯಡ್. ವೈರಸ್ಸನ್ನೇ ನೇರವಾಗಿ ಹುಡುಕುವ ನ್ಯಾಟ್ ಪರೀಕ್ಷೆ ಅದನ್ನು ಹತ್ತು ದಿನದ ಆಸುಪಾಸಿಗೆ ಇಳಿಸುತ್ತದೆ, ಸೊನ್ನೆಗಲ್ಲ. ಅದೂ ಎಲ್ಲ ರಕ್ತನಿಧಿಗಳಲ್ಲಿಲ್ಲ.

ರಕ್ತ ಕೊಡುವ ಮುಂಚೆ ತುಂಬಿದ ಫಾರ್ಮಿನಲ್ಲಿ ಇಂಥ ಸಂಪರ್ಕದ ಪ್ರಶ್ನೆ ಇತ್ತಲ್ಲ ಎಂದಾಗ, "ಪಕ್ಕದಲ್ಲೇ ಫ್ರೆಂಡ್ಸ್ ಇದ್ರು, ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕ್ದೆ" ಎಂದ. ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಹೋದರೆ ಊರಿನವರ ಕಣ್ಣಿಗೆ ಬೀಳುತ್ತೇನೆಂಬ ಭಯ. ಶಿಬಿರದಲ್ಲಾದರೆ ಪುಕ್ಕಟೆ ಪರೀಕ್ಷೆ, ಮೇಲೆ ಶಹಬ್ಬಾಸ್‌ಗಿರಿ.

ಅವನ ಒಪ್ಪಿಗೆ ಪಡೆದು ಮೊದಲು ವೈದ್ಯಾಧಿಕಾರಿಗೆ ಯೂನಿಟ್ ನಂಬರ್ ತಿಳಿಸಿದೆ. ಕೆಂಪು ರಕ್ತಕಣದ ಚೀಲ ಫ್ರಿಜ್ಜಿನಲ್ಲೂ ಪ್ಲಾಸ್ಮಾ ಫ್ರೀಜರಿನಲ್ಲೂ ಇದ್ದವು, ತೆಗೆದಿಟ್ಟರು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಅದು ಆಗಲೇ ಯಾರಿಗೋ ಹೋಗಿತ್ತು. ಅವರನ್ನು ಪತ್ತೆ ಹಚ್ಚುವ ಕೆಲಸ ವೈದ್ಯಾಧಿಕಾರಿಯ ಪಾಲಿಗೆ ಬಂತು.

ಅವನಿಗೆ ಹೇಳಿದ್ದು ಇಷ್ಟು: ಬೇರೆ ಊರಿನ ಐಸಿಟಿಸಿಗಾದರೂ ಹೋಗಿ, ಎಲ್ಲಿಯವರಾದರೂ ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಹೆಪಟೈಟಿಸ್ ಬಿ, ಸಿ ಕೂಡ ನೋಡಿಸಿ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಸಂಪರ್ಕ ಬೇಡ, ರಕ್ತ ಕೊಡುವುದಂತೂ ಬೇಡವೇ ಬೇಡ.

ಒಂದು ಮಾತು ಅವನಿಗೆ ಹೇಳುವಾಗ ನನಗೇ ಸಂಕಟವಾಯಿತು. ಘಟನೆಯಾದ 72 ಗಂಟೆಯೊಳಗೆ ವೈದ್ಯರ ಬಳಿ ಹೋಗಿದ್ದರೆ ಸೋಂಕು ತಡೆಯಲು 28 ದಿನದ ಮಾತ್ರೆಗಳಿದ್ದವು. ಶಿಬಿರಕ್ಕೆ ಕಾದು ಆ ಅವಕಾಶವನ್ನೇ ಕಳೆದುಕೊಂಡಿದ್ದ.

ಕೊನೆಯ ರಿಪೋರ್ಟ್ ನೆಗೆಟಿವ್ ಬಂತು. "ಸುಮ್ಮನೆ ರಕ್ತ ಹಾಳಾಯ್ತು" ಎಂದು ಸಹೋದ್ಯೋಗಿಯೊಬ್ಬರು ಆಡಿಕೊಂಡರು. ಆಗಲಿ. ರಕ್ತ ಏರಿಸಿಕೊಳ್ಳುವ ಬಾಣಂತಿಗೋ ತಲಸ್ಸೇಮಿಯಾದ ಮಗುವಿಗೋ ಆಯ್ಕೆಯೇ ಇರುವುದಿಲ್ಲ. ಅವನನ್ನು ಗದರಬೇಕಿತ್ತು ಎಂದವರೂ ಇದ್ದಾರೆ. ಗದರಿದ್ದರೆ ಆ ಎಂಟು ದಿನದ ಲೆಕ್ಕ ಅವನ ಬಾಯಿಂದ ಬರುತ್ತಲೇ ಇರಲಿಲ್ಲ.

ಈಗ ಶಿಬಿರಗಳಲ್ಲಿ ಫಾರ್ಮ್ ತುಂಬುವ ಕುರ್ಚಿಯನ್ನು ಸಾಲಿನಿಂದ ದೂರ ಹಾಕಿಸುತ್ತೇನೆ. ತಡವಾಗುತ್ತದೆಂದು ಆಯೋಜಕರು ಗೊಣಗುತ್ತಾರೆ. ಪರೀಕ್ಷೆ ಎಲ್ಲಿ ಮಾಡಿಸುವುದೆಂದು ತಿಳಿಯದವರು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ. ರಕ್ತ ಕೊಟ್ಟಾದ ಮೇಲೆ ಮನಸ್ಸು ಅಳುಕಿದರೆ ಅಂದೇ ರಕ್ತನಿಧಿಗೆ ಫೋನ್ ಮಾಡಿ, "ನನ್ನ ರಕ್ತ ಬಳಸಬೇಡಿ" ಎನ್ನಿ. ನಮ್ಮಲ್ಲಂತೂ ಕಾರಣ ಕೇಳುವುದಿಲ್ಲ.