ಹುಳಿಯಲ್ಲಿ ನೆನೆಸಿದ ಮೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪೆರು ದೇಶದ ಸೆವಿಚೆ ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಲಿಂಬೆರಸದಲ್ಲಿ ಹಾಕಿದ ಮೀನು ಒಲೆಯ ಮೇಲಿಟ್ಟ ಹಾಗೇ ಬೆಳ್ಳಗಾಗುತ್ತದಲ್ಲ, ಮತ್ತೆ ಹೆದರುವುದು ಯಾಕೆ? ಯಾವ ಮೀನು ತರಲಿ?
(ಓದುಗರು, ಕಾರವಾರ)

ಉತ್ತರ: ಬೆಳ್ಳಗಾಗುವುದು ನಿಜ, ಬೇಯುವುದು ನಿಜವಲ್ಲ. ಹುಳಿ ತಗುಲಿದಾಗ ಮೀನಿನ ಪ್ರೋಟೀನು ಬಿಗಿದುಕೊಂಡು ಬಣ್ಣ ಬದಲಿಸುತ್ತದೆ, ಅಷ್ಟೇ. ಮಾಂಸದೊಳಗೆ ಸುರುಳಿ ಸುತ್ತಿಕೊಂಡ ಹುಳದ ಮರಿಗಳಿದ್ದರೆ ಲಿಂಬೆರಸಕ್ಕೆ ಅವು ಸಾಯುವುದಿಲ್ಲ. ರೋಗಾಣುಗಳೂ ಪೂರ್ತಿ ಸಾಯುವುದಿಲ್ಲ. ಹಸಿಯಾಗಿಯೇ ತಿನ್ನಬೇಕೆಂದರೆ ಮೀನನ್ನು ಮೊದಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ 7 ದಿನ ಗಟ್ಟಿಯಾಗಿ ಇಡಬೇಕು. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ. ಪದೇ ಪದೇ ಬಾಗಿಲು ತೆಗೆದರೆ, ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಉಳಿಯುವುದಿಲ್ಲ. ಒಳಗೊಂದು ಥರ್ಮಾಮೀಟರ್ ಇಟ್ಟು ನೋಡದೆ ನಂಬಬೇಡಿ. ಇಷ್ಟು ಮಾಡಿದರೂ ಸಾಯುವುದು ಹುಳ ಮಾತ್ರ, ರೋಗಾಣು ಅಲ್ಲ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಲಿವರ್ ತೊಂದರೆ ಇರುವವರು ಹಸಿ ಮೀನು ಮುಟ್ಟಲೇಬಾರದು.

ಹಾಗಾಗಿ ಮನೆಯ ಅಡುಗೆಗೆ ನಾವು ಹೇಳುವುದು ಕುದಿನೀರಿನ ದಾರಿ. ಕಾರವಾರದಲ್ಲಿ ಚೊಣಕ ಸಿಕ್ಕರೆ ಅದೇ ಒಳ್ಳೆಯದು: ದಪ್ಪ ಬಿಳಿ ಮಾಂಸ, ಮುಳ್ಳು ತೆಗೆಯುವುದು ಸುಲಭ. ಇಲ್ಲದಿದ್ದರೆ ಪಾಂಪ್ಲೆಟ್ ಅಥವಾ ದೊಡ್ಡ ನೊಗ್ಲಿ. ಮೀನಿನ ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದ ಬೆರಳಿನ ಗುರುತು ನಿಲ್ಲಬಾರದು. ಮಾರ್ಕೆಟ್ಟಿಗೆ ಹೋಗುವಾಗಲೇ ಐಸ್ ಡಬ್ಬ ಒಯ್ಯಿರಿ.

ಚರ್ಮ, ಮುಳ್ಳು ತೆಗೆದ 300 ಗ್ರಾಂ ಮೀನನ್ನು ಒಂದೂವರೆ ಸೆಂಟಿಮೀಟರಿನ ಚೌಕ ತುಂಡು ಮಾಡಿ. ಕುದಿಯುವ ಉಪ್ಪುನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಸುಮಾರು 2 ನಿಮಿಷ ಬಿಡಿ. ಒಂದು ತುಂಡು ಮುರಿದು ನೋಡಿ: ನಡುವೆ ಗಾಜಿನಂತೆ ಕಂಡರೆ ಇನ್ನೂ ಬೇಕು. ಆದ ಕೂಡಲೇ ಐಸ್ ನೀರಿಗೆ ಹಾಕಿ, ಸೋಸಿ, ಬಟ್ಟೆಯಿಂದ ಒತ್ತಿ ಒರೆಸಿ. ನೀರು ಉಳಿದರೆ ಹುಳಿ ಸಪ್ಪೆಯಾಗುತ್ತದೆ. ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಮೀನಿಗೆ ಮುಕ್ಕಾಲು ಚಮಚ ಉಪ್ಪು ಬೆರೆಸಿ 5 ನಿಮಿಷ ಬಿಟ್ಟು, 100 ಮಿಲಿ ಲಿಂಬೆರಸ, ಸಣ್ಣಗೆ ಹೆಚ್ಚಿದ 2 ಹಸಿಮೆಣಸು, ಅರ್ಧ ಇಂಚು ಶುಂಠಿ ಸೇರಿಸಿ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ, ಹುಳಿ ಲೋಹವನ್ನು ಎಳೆಯುತ್ತದೆ. ಎಳೆ ಎಳೆಯಾಗಿ ಹೆಚ್ಚಿದ ಒಂದು ಈರುಳ್ಳಿಯನ್ನು ಐಸ್ ನೀರಿನಲ್ಲಿ 10 ನಿಮಿಷ ಇಟ್ಟರೆ ಖಾರದ ಘಾಟು ಇಳಿಯುತ್ತದೆ. ಅದನ್ನೂ ಕೊತ್ತಂಬರಿ ಸೊಪ್ಪನ್ನೂ ಕೊನೆಗೆ ಹಾಕಿ. ಫ್ರಿಜ್ಜಿನಲ್ಲಿ 15 ನಿಮಿಷ ಇಟ್ಟರೆ ಸಾಕು. ಪೆರುವಿನಲ್ಲಿ ಜೊತೆಗೆ ಬೇಯಿಸಿದ ಗೆಣಸು ಕೊಡುತ್ತಾರೆ. ಹುಳಿಯ ಪಕ್ಕದಲ್ಲಿ ಆ ಸಿಹಿ ಬಹಳ ಹೊಂದುತ್ತದೆ, ಬಿಡಬೇಡಿ.

ಪ್ರಶ್ನೆ: ಒಮ್ಮೆ ಮಾಡಿದ್ದೆ. ಮೀನು ರಬ್ಬರಿನಂತಾಯಿತು, ರಸ ಕಹಿಯಾಯಿತು. ತಪ್ಪಿದ್ದು ಎಲ್ಲಿ?
(ಓದುಗರು, ಅಂಕೋಲಾ)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಗಂಟೆಗಟ್ಟಲೆ ಹುಳಿಯಲ್ಲಿ ಬಿಟ್ಟರೆ ಮಾಂಸ ಬಿಗಿದು ನೀರು ಬಿಡುತ್ತದೆ, ಆಮೇಲೆ ಹಿಟ್ಟಿನಂತೆ ಉದುರುತ್ತದೆ. ಊಟಕ್ಕೆ ಕೂರುವ 20 ನಿಮಿಷ ಮೊದಲು ಮಾತ್ರ ರಸ ಹಾಕಿ. ಕಹಿ ಬರುವುದು ಲಿಂಬೆಯನ್ನು ಸಿಪ್ಪೆಯ ಸಮೇತ ಬಲವಾಗಿ ಹಿಂಡಿದಾಗ. ಅರ್ಧ ಹೋಳನ್ನು ಕೈಯಲ್ಲಿ ಮೃದುವಾಗಿ ಒತ್ತಿ, ಬೀಜ ತೆಗೆದುಬಿಡಿ, ಹಿಂದಿನ ದಿನದ ರಸ ಬಳಸಬೇಡಿ. ಹುಳಿ ಹೆಚ್ಚೆನಿಸಿದರೆ ಬಡಿಸುವಾಗ 3 ದೊಡ್ಡ ಚಮಚ ಗಟ್ಟಿ ತೆಂಗಿನ ಹಾಲು ಸೇರಿಸಿ. ಫಿಜಿ ದ್ವೀಪದವರ ಕೊಕೊಡಾ ಇದೇ ರೀತಿಯದು, ನಮ್ಮ ಕರಾವಳಿಯ ನಾಲಿಗೆಗಂತೂ ಇದೇ ಹೆಚ್ಚು ಹಿಡಿಸೀತು.

ಪ್ರಶ್ನೆ: ಬಂಗಡೆ ಅಗ್ಗವಾಗಿ ಸಿಗುತ್ತದೆ. ಅದರಲ್ಲಿ ಮಾಡಬಹುದೇ? ತಿಸ್ರೆ ಚಿಪ್ಪಿಯಲ್ಲಿ?
(ಓದುಗರು, ಕುಮಟಾ)

ಉತ್ತರ: ಬಂಗಡೆ ಬೇಡ. ಐಸ್ ಇಲ್ಲದೆ ಬಿಸಿಲಿನಲ್ಲಿ ಕೂತ ಬಂಗಡೆ, ತಾರ್ಲೆ, ಸೂರ (ಟ್ಯೂನಾ) ಮೀನುಗಳಲ್ಲಿ ಹಿಸ್ಟಮೈನ್ ಎಂಬ ವಿಷವಸ್ತು ಸೇರಿಕೊಳ್ಳುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಒಮ್ಮೆ ಸೇರಿದ ಹಿಸ್ಟಮೈನ್ ಲಿಂಬೆಗೂ ಹೋಗದು, ಫ್ರೀಜರಿಗೂ ಹೋಗದು, ಕುದಿಸಿದರೂ ಹೋಗದು. ಇಸ್ವಾಣವೂ ಅದೇ ಜಾತಿಯದು. ಐಸಿನಲ್ಲೇ ಬಂದದ್ದು ಖಾತ್ರಿಯಾದರೆ ಮಾತ್ರ ತನ್ನಿ. ತಿಸ್ರೆ, ಕಲುವೆ ಹೊಳೆಬಾಯಿಯ ನೀರನ್ನು ಸೋಸಿ ಬದುಕುವಂಥವು. ಆ ನೀರಿನ ಕೊಳೆಯೆಲ್ಲ ಅವುಗಳ ಹೊಟ್ಟೆಯಲ್ಲಿರುತ್ತದೆ, ಹಸಿಯಾಗಿ ಖಂಡಿತ ಬೇಡ.

ಪ್ರಶ್ನೆ: ಶಿರಸಿಗೆ ಬರುವಷ್ಟರಲ್ಲಿ ಮೀನು ತಾಜಾ ಇರುವುದಿಲ್ಲ. ಕೆರೆಯ ಮೀನು ಆಗುತ್ತದೆಯೇ?
(ಓದುಗರು, ಶಿರಸಿ)

ಉತ್ತರ: ಸಿಹಿನೀರಿನ ಮೀನನ್ನು ಎಂದೂ ಹಸಿಯಾಗಿ ಹುಳಿಗೆ ಹಾಕಬೇಡಿ, ಅದರಲ್ಲಿ ಹುಳದ ಭಯ ಇನ್ನೂ ಹೆಚ್ಚು. ನಿಮಗೆ ಫ್ರೀಜ್ ಮಾಡಿದ ಪ್ಯಾಕೆಟಿನ ಸಿಗಡಿ ಸರಿ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ರಾತ್ರಿಯಿಡೀ ಕರಗಲು ಬಿಡಿ, ಬೆನ್ನಿನ ಕಪ್ಪು ನಾರು ತೆಗೆಯಿರಿ, ಕುದಿನೀರಿನಲ್ಲಿ 2ರಿಂದ 3 ನಿಮಿಷ ಬೇಯಿಸಿ. ಅರ್ಧಚಂದ್ರದಂತೆ ಬಾಗಿದರೆ ಆಯಿತು, ಉಂಗುರದಂತೆ ಸುತ್ತಿಕೊಂಡರೆ ಹೆಚ್ಚು ಬೆಂದಿದೆ. ಬೇಸಿಗೆಯಲ್ಲಾದರೆ ಲಿಂಬೆರಸ ಅರ್ಧಕ್ಕಿಳಿಸಿ ಎಳೆ ಮಾವಿನಕಾಯಿ ತುರಿ ಸೇರಿಸಿ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.