ಕನ್ನಡ ಆ್ಯಪ್‌ನಲ್ಲಿ ಗುಂಟೆ, ಊರ ಹೆಸರು, ಒತ್ತಕ್ಷರ: ನಿಮ್ಮ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಗೆಳೆಯರು ಸೇರಿ ರೈತರಿಗೆ ಒಂದು ಆ್ಯಪ್ ಮಾಡಿದ್ದೇವೆ. ಹೊಲದ ಅಳತೆ ಹಾಕಿದರೆ ಬೀಜ, ಗೊಬ್ಬರ ಎಷ್ಟು ಬೇಕು ಅಂತ ಹೇಳುತ್ತದೆ. ಎಪಿಎಂಸಿ ದರವನ್ನೂ ತೋರಿಸುತ್ತದೆ. ಇಂಗ್ಲಿಷ್‌ನಲ್ಲಿದ್ದ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇವೆ. ಆದರೂ ಹಾವೇರಿ, ಗದಗ ಕಡೆಯ ರೈತರು ಲೆಕ್ಕ ತಪ್ಪು ಬರ್ತದೆ ಅಂತ ಬಿಟ್ಟುಬಿಡುತ್ತಾರೆ. ಏನಾಗಿರಬಹುದು?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನನಗೆ ಮೊದಲ ಅನುಮಾನ ಹೊಲದ ಅಳತೆ ಕೇಳುವ ಖಾನೆಯ ಮೇಲೆ. ಅಲ್ಲಿ ‘ಎಕರೆ’ ಅಂತ ಒಂದೇ ಖಾನೆ ಇದೆಯಾ, ನೋಡಿ. ಎರಡೂವರೆ ಎಕರೆ ಹೊಲ ಇರುವ ರೈತರು ತಮ್ಮ ಪಹಣಿಯಲ್ಲಿ ನೋಡುವುದು 2 ಎಕರೆ 20 ಗುಂಟೆ. ಅವರು ಸಹಜವಾಗಿ 2.20 ಅಂತ ಒತ್ತುತ್ತಾರೆ. ಎಕರೆಗೆ 40 ಗುಂಟೆ. ಹಾಗಾಗಿ ನಿಮ್ಮ ಆ್ಯಪ್ ಅದನ್ನು 2 ಎಕರೆ 8 ಗುಂಟೆ ಅಂತ ತಿಳಿಯುತ್ತದೆ. 12 ಗುಂಟೆ ಹೊಲಕ್ಕೆ ಬೀಜವೂ ಇಲ್ಲ, ಗೊಬ್ಬರವೂ ಇಲ್ಲ. ರೈತರ ದೂರು ಸರಿಯಾಗಿಯೇ ಇದೆ. ನಿಮ್ಮ ಗುಣಾಕಾರ ತಪ್ಪಿಲ್ಲ, ಆದರೆ ಕೇಳಿದ ರೀತಿ ಇಲ್ಲಿಯದಲ್ಲ.

ಎಕರೆಗೆ ಒಂದು, ಗುಂಟೆಗೆ ಒಂದು, ಎರಡು ಖಾನೆ ಕೊಡಿ. ಗುಂಟೆಯ ಖಾನೆ 39 ದಾಟಬಾರದು. ಬೇಕಿದ್ದವರಿಗೆ ಆಣೆಯ ಖಾನೆಯೂ ಇರಲಿ, 16 ಆಣೆಗೆ ಒಂದು ಗುಂಟೆ. ಒಳಗೆ ಎಲ್ಲವನ್ನೂ ಗುಂಟೆಯಲ್ಲೋ ಆಣೆಯಲ್ಲೋ ಇಟ್ಟುಕೊಂಡು ಲೆಕ್ಕ ಮಾಡಿ. ಉತ್ತರ ತೋರಿಸುವಾಗ ‘2 ಎಕರೆ 20 ಗುಂಟೆಗೆ’ ಅಂತ ಮೇಲೆ ಬರೆಯಿರಿ. ಒತ್ತಿದ್ದು ಸರಿಯೋ ತಪ್ಪೋ ಅಂತ ರೈತರು ಅಲ್ಲೇ ನೋಡಿಕೊಳ್ಳುತ್ತಾರೆ.

ದರದ ಪಟ್ಟಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಬ್ಯಾಡಗಿಯಲ್ಲಿ ಕಡ್ಡಿ ಮೆಣಸಿನಕಾಯಿಗೆ ಒಂದು ದರ, ಡಬ್ಬಿ ಮೆಣಸಿನಕಾಯಿಗೆ ಇನ್ನೊಂದು. ‘ಮೆಣಸಿನಕಾಯಿ’ ಅಂತ ಒಂದೇ ಸಾಲು ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಇಲ್ಲಿ ಗೋವಿನಜೋಳ ಅನ್ನುವುದನ್ನು ಬೇರೆ ಜಿಲ್ಲೆಗಳಲ್ಲಿ ಮೆಕ್ಕೆಜೋಳ, ಮುಸುಕಿನ ಜೋಳ ಅನ್ನುತ್ತಾರೆ. ಜಿಲ್ಲೆಗೆ ತಕ್ಕ ಹೆಸರು ತೋರಿಸಿ, ಹುಡುಕುವಾಗ ಮೂರೂ ಹೆಸರಿಗೆ ಸಿಗಲಿ. ಒಂದೂಕಾಲು ಲಕ್ಷ ಅನ್ನುವುದು 1,25,000 ಅಂತ ಬರುತ್ತದಾ, 125,000 ಅಂತ ಬರುತ್ತದಾ ಅಂತ ಫೋನಿನಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಿ. ಫೋನ್ ತಾನೇ ಸರಿ ಮಾಡುತ್ತದೆ ಅಂತ ಬಿಡಬೇಡಿ. ಅಂಕಿ 1, 2, 3 ರಲ್ಲೇ ಇರಲಿ. ತೂಕದ ಯಂತ್ರದಲ್ಲೂ ಜನ ಓದುವುದು ಅದನ್ನೇ. ಯಾರಾದರೂ ೧, ೨, ೩ ಒತ್ತಿದರೆ ಅದನ್ನೂ ತೆಗೆದುಕೊಳ್ಳಬೇಕು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಬಸ್ ವೇಳೆ ಹೇಳುವ ಆ್ಯಪ್ ಮಾಡುತ್ತಿದ್ದೇನೆ. ‘ಹುಬ್ಬಳ್ಳಿಗೆ ಮುಂದಿನ ಬಸ್’ ಸರಿ ಬರುತ್ತದೆ. ಆದರೆ ‘ಧಾರವಾಡಗೆ’, ‘ಸವಣೂರುಗೆ’ ಅಂತಲೂ ಬರುತ್ತಿದೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಊರಿನ ಹೆಸರಿಗೆ ‘ಗೆ’ ಅಂಟಿಸುವ ಕೆಲಸವನ್ನು ಕೋಡಿಗೆ ಬಿಟ್ಟಿದ್ದೀರಿ, ಅದಕ್ಕೇ ಹೀಗಾಗಿದೆ. ಇಂಗ್ಲಿಷ್‌ನಲ್ಲಿ ಊರಿನ ಹೆಸರು ಬದಲಾಗುವುದಿಲ್ಲ, ಹಾಗಾಗಿ ಅಂಟಿಸಿದರೂ ನಡೆಯುತ್ತದೆ. ನಮ್ಮಲ್ಲಿ ಹುಬ್ಬಳ್ಳಿಗೆ, ಧಾರವಾಡಕ್ಕೆ, ಸವಣೂರಿಗೆ. ಒಂದೊಂದು ಊರಿಗೆ ಒಂದೊಂದು ರೂಪ. ನಿಮ್ಮ ಪಟ್ಟಿಯಲ್ಲಿರುವ ಊರುಗಳು ಎಷ್ಟೆಂದು ಗೊತ್ತೇ ಇದೆ, ಅಲ್ವಾ? ಪ್ರತಿ ಊರಿಗೂ ಮೂರು ರೂಪ ಬರೆದಿಡಿ: ನರಗುಂದ, ನರಗುಂದಕ್ಕೆ, ನರಗುಂದದಿಂದ. ಅಷ್ಟು ಆಗದಿದ್ದರೆ ‘ಹೋಗುವ ಊರು: ನರಗುಂದ’ ಅಂತ ಸುಮ್ನೆ ಬೇರೆ ಇಟ್ಟುಬಿಡಿ. ಜನರ ಹೆಸರಿಗಾದರೆ ಕೆಲಸ ಸುಲಭ. ಹೆಸರಿನ ಮುಂದೆ ‘ಅವರಿಗೆ’ ಹಾಕಿದರೆ ಸಾಕು, ಗೌರವವೂ ಉಳಿಯುತ್ತದೆ.

ನೀವು ಕೇಳದ ಇನ್ನೂ ಮೂರು ವಿಷಯ ಹೇಳುತ್ತೇನೆ, ಬಸ್ ಆ್ಯಪ್‌ಗೆ ಇವು ಬೇಕೇ ಬೇಕು.

ಆ್ಯಂಡ್ರಾಯ್ಡ್‌ನಲ್ಲಿ ಏಕವಚನ, ಬಹುವಚನಕ್ಕೆ ಬೇರೆ ಬೇರೆ ಸಾಲು ಬರೆಯುತ್ತೀರಲ್ಲ, ಕನ್ನಡದ ನಿಯಮದಲ್ಲಿ ‘ಒನ್’ ಅನ್ನುವ ಸಾಲು 1ಕ್ಕೂ ಬರುತ್ತದೆ, 0ಗೂ ಬರುತ್ತದೆ. ಅಲ್ಲಿ ‘ಒಂದು ಬಸ್ ಇದೆ’ ಅಂತ ನೇರವಾಗಿ ಬರೆದಿದ್ದರೆ, ಒಂದೂ ಬಸ್ ಇಲ್ಲದ ರಾತ್ರಿಯಲ್ಲೂ ಆ್ಯಪ್ ಒಂದು ಬಸ್ ಇದೆ ಅನ್ನುತ್ತದೆ. ನಿಲ್ದಾಣದಲ್ಲಿ ಒಬ್ಬರೇ ಕಾಯುತ್ತಿರುವ ಹುಡುಗಿಗೆ ಇದು ಸಣ್ಣ ತಪ್ಪಲ್ಲ. ಸೊನ್ನೆಗೆ ‘ಈಗ ಬಸ್ ಇಲ್ಲ’ ಅಂತ ಬೇರೆಯೇ ಸಾಲು ಬರೆಯಿರಿ.

ಎರಡನೆಯದು ವೇಳೆ. ಎಎಂ, ಪಿಎಂ ಬದಲು ಕನ್ನಡದಲ್ಲಿ ಪೂರ್ವಾಹ್ನ, ಅಪರಾಹ್ನ ಅಂತ ತಾನಾಗಿ ಬರುವುದುಂಟು. ‘ಅಪರಾಹ್ನ 9:30’ ಅಂದರೆ ಯಾರಿಗೆ ಅರ್ಥವಾಗುತ್ತದೆ? ಗಂಟೆ ನೋಡಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನೀವೇ ಹಾಕಿ.

ಮೂರನೆಯದು ಹುಡುಕಾಟ. ‘ರೋಣ’ ಅಂತ ಒತ್ತಿದರೆ ರೋಣ ಸಿಗದೇ ಇರಬಹುದು. ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ರೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತ ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪಟ್ಟಿಯಲ್ಲಿರುವ ಹೆಸರು, ಬಳಕೆದಾರರು ಒತ್ತಿದ ಹೆಸರು ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಜೋಡಿಸಿದ ಒಂದೇ ಸಂಕೇತದ ರೂಪಕ್ಕೆ, ತಂದು ಹೋಲಿಸಿ. ಅಕ್ಷರಗಳು ಕೂಡಬೇಕೋ ಬೇಡವೋ ಅಂತ ಹೇಳುತ್ತಾ ಪದದ ನಡುವೆ ಕಾಣದಂತೆ ಕೂತಿರುವ ಝಡ್‌ಡಬ್ಲ್ಯುಎನ್‌ಜೆ, ಝಡ್‌ಡಬ್ಲ್ಯುಜೆ ಸಂಕೇತಗಳನ್ನು ಹೋಲಿಸುವಾಗ ತೆಗೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗೆ ಹುಬ್ಬಳ್ಳಿಯ ಹಳೆಯ ಸ್ಪೆಲಿಂಗೂ (Hubli) ನಡೆಯಬೇಕು. ಸರ್ಕಾರ ಹೆಸರು ಬದಲಿಸಿದ್ದು 2014ರ ನವೆಂಬರ್ 1ರಂದು, ಹಳೆಯದನ್ನೇ ಒತ್ತುವವರು ಈಗಲೂ ಇದ್ದಾರೆ.

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಲಕ್ಷ್ಮೇಶ್ವರ ಅನ್ನುವ ಹೆಸರಿನ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ.
– ಓದುಗರು, ಗದಗ

ಉತ್ತರ: ಬಟನ್ನಿಗೆ, ಸಾಲಿಗೆ ಇಂತಿಷ್ಟೇ ಎತ್ತರ ಅಂತ ಗಟ್ಟಿ ಮಾಡಿದ್ದೀರಿ ಅನಿಸುತ್ತದೆ. ಅದನ್ನು ತೆಗೆದು ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಆ್ಯಂಡ್ರಾಯ್ಡ್‌ನಲ್ಲಿ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಅನ್ನುವ, ಅಕ್ಷರದ ಮೇಲೆ ಕೆಳಗೆ ಹೆಚ್ಚು ಜಾಗ ಬಿಡುವ ಆಯ್ಕೆ ಇದೆ, ಆನ್ ಮಾಡಿ. ಆ್ಯಂಡ್ರಾಯ್ಡ್ 15ಕ್ಕೆ ಗುರಿಯಿಟ್ಟ ಆ್ಯಪ್‌ಗಳಲ್ಲಿ ಅದು ತಾನೇ ಆನ್ ಇರುತ್ತದೆ, ಹಳೆಯ ಫೋನುಗಳಿಗೆ ನೀವೇ ಮಾಡಬೇಕು. ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ ಲಕ್ಷ್ಮೇಶ್ವರ, ರಾಷ್ಟ್ರ, ಸ್ತ್ರೀ ಇವನ್ನು ಹಾಕಿ ನೋಡಿ.

ಪ್ರಶ್ನೆ: ಆ್ಯಪ್ ಮೂಲಕ ಆರ್ಡರ್ ಕೊಟ್ಟವರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಲು ಶುರು ಮಾಡಿದ ಮೇಲೆ ಬಿಲ್ ಜಾಸ್ತಿ ಬರುತ್ತಿದೆ. ಇಂಗ್ಲಿಷ್‌ಗೇ ಮರಳಬೇಕಾ?
– ಅಂಗಡಿ ಮಾಲೀಕರು, ರಾಣೆಬೆನ್ನೂರು

ಉತ್ತರ: ಮರಳಬೇಡಿ, ಸಂದೇಶ ಚಿಕ್ಕದು ಮಾಡಿ. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತವೆ, ಕನ್ನಡದಲ್ಲಿ 70 ಮಾತ್ರ. ಅದು ದಾಟಿದರೆ 67ರಂತೆ ತುಂಡಾಗಿ ಪ್ರತಿ ತುಂಡಿಗೂ ದುಡ್ಡು ಬೀಳುತ್ತದೆ. ಎಣಿಕೆಯೂ ನಾವು ಎಣಿಸುವ ಹಾಗಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಅಲ್ಲಿ ಆರು. ‘ನಿಮ್ಮ ಆರ್ಡರ್ ಸಿದ್ಧ. ಸಂಜೆ 6ರೊಳಗೆ ಬನ್ನಿ. ಬಾಕಿ ₹450’ ಅನ್ನುವಷ್ಟು ಒಂದರಲ್ಲೇ ಮುಗಿಯುತ್ತದೆ. ‘ಮಾನ್ಯ ಗ್ರಾಹಕರೇ’, ‘ಧನ್ಯವಾದಗಳೊಂದಿಗೆ’ ಇವನ್ನು ಬಿಡಿ, ಅವನ್ನು ಅಂಗಡಿಗೆ ಬಂದಾಗ ಬಾಯಲ್ಲೇ ಹೇಳಬಹುದು.

ಪ್ರಶ್ನೆ: ಆ್ಯಪ್ ಪೂರ್ತಿ ನಮ್ಮ ಧಾರವಾಡದ ಮಾತಿನಲ್ಲೇ ಇದ್ದರೆ ಹೇಗೆ?
– ಓದುಗರು, ಹಾವೇರಿ

ಉತ್ತರ: ಧ್ವನಿಯಲ್ಲಿ ಹೇಳುವ ಕಡೆ ಖಂಡಿತ ಇರಲಿ. ಇಲ್ಲಿಯವರ ದನಿಯಲ್ಲೇ ರೆಕಾರ್ಡ್ ಮಾಡಿಸಿ. ಬಟನ್ ಮೇಲೆ ಮಾತ್ರ ಶಾಲೆಯಲ್ಲಿ ಓದಿದ ಕನ್ನಡವೇ ಮೇಲು. ಜನ ಓದಿ ಅಭ್ಯಾಸ ಇರುವುದು ಅದನ್ನೇ, ಕಣ್ಣು ತಡವರಿಸುವುದಿಲ್ಲ. ಎಲ್ಲ ಕಡೆ ‘ಮಾಡಿ’, ‘ಒತ್ತಿ’ ಅಂತ ಗೌರವದ ರೂಪ ಇರಲಿ. ಒಟಿಪಿ, ಪಾಸ್‌ವರ್ಡ್‌ಗೆ ಹೊಸ ಪದ ಕಟ್ಟುವ ಶ್ರಮ ಬೇಡ. ಭಾಷೆ ಬದಲಿಸುವ ಬಟನ್ ಮೊದಲ ಪರದೆಯಲ್ಲೇ ಕಾಣಲಿ. ಆ್ಯಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡಬಹುದು ನಿಜ, ಆದರೆ ಆ ಸೆಟ್ಟಿಂಗ್ ಎಲ್ಲಿದೆ ಅಂತ ಹುಡುಕುತ್ತಾ ಹೋಗುವವರು ಕಡಿಮೆ.